ಹೆಬ್ಬಾಳದ ಕೋಲ್ಮನ್: ಹೆಸರು ತಿಳಿದ ಮೇಲೆ ಮದ್ದು ಹುಡುಕಿದ ವಿಜ್ಞಾನಿ

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಬೆಳಿಗ್ಗೆ, ಎಂಟನೇ ತರಗತಿಯ ಹುಡುಗನೊಬ್ಬ ಬೆಂಕಿಪೊಟ್ಟಣವೊಂದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟ. ಹೆಬ್ಬಾಳ ಕೆರೆಯ ಪಕ್ಕದ ಬೇಲಿಯ ಬಳ್ಳಿಯಲ್ಲಿ ಅವನಿಗೆ ಒಂದು ಹುಳು ಸಿಕ್ಕಿತ್ತು. ಕಡಲೆಬೇಳೆಯಷ್ಟು ಗಾತ್ರ, ಆಮೆಯ ಚಿಪ್ಪಿನಂತಹ ಬೆನ್ನು, ಅಂಚಿನಲ್ಲಿ ಗಾಜಿನ ಹಾಗೆ ಪಾರದರ್ಶಕವಾದ ಪಟ್ಟಿ. ಮಧ್ಯಭಾಗವಂತೂ ಅಪ್ಪಟ ಚಿನ್ನ! ಸಂಜೆ ಪೊಟ್ಟಣ ತೆರೆದಾಗ ಹುಳು ಸತ್ತಿತ್ತು. ಮರುದಿನದ ಹೊತ್ತಿಗೆ ಚಿನ್ನವೆಲ್ಲ ಹೋಗಿ ಮಂಕಾದ ಕಂದು ಬಣ್ಣ ಉಳಿದಿತ್ತು. ಯಾರೋ ಹುಳುವನ್ನು ಬದಲಾಯಿಸಿದ್ದಾರೆ ಎಂದೇ ಹುಡುಗ ನಂಬಿದ್ದ. ಅವನಿಗೆ ಸಮಾಧಾನ ಹೇಳಲು ನಾನು ಆ ಹುಳುವಿನ ಹೆಸರು ಹುಡುಕಲು ಹೊರಟೆ. ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಹೆಬ್ಬಾಳದಲ್ಲೇ ಬಾಳಿ ಕೆಲಸ ಮಾಡಿದ ಒಬ್ಬ ವ್ಯಕ್ತಿಯ ಜೀವನ. ಈ ಲೇಖನ ಆ ವ್ಯಕ್ತಿಯನ್ನು ಕುರಿತದ್ದು. ಹುಳುವಿನ ವಿಷಯ ನಡುವೆ ಬರುತ್ತದೆ.

ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರ ಹೆಸರನ್ನು ಮಲೆನಾಡಿನ ಅಡಿಕೆ ಬೆಳೆಗಾರರು, ಮಂಡ್ಯದ ಕಬ್ಬಿನ ರೈತರು, ಚಿಕ್ಕಮಗಳೂರಿನ ಕಾಫಿ ತೋಟದವರು ಒಂದಲ್ಲ ಒಂದು ಸಂದರ್ಭದಲ್ಲಿ ಕೇಳಿರುತ್ತಾರೆ. ಅವರು ನೆಲೆಯೂರಿದ್ದ ಉತ್ತರ ಬೆಂಗಳೂರಿನಲ್ಲಿ, ಅಂದರೆ ಹೆಬ್ಬಾಳ, ಗಂಗಾನಗರ, ಆರ್.ಟಿ. ನಗರ, ಯಲಹಂಕದ ನಮ್ಮ ಮಕ್ಕಳಿಗೆ ಮಾತ್ರ ಆ ಹೆಸರು ಗೊತ್ತಿಲ್ಲ. ದಿನಕ್ಕೆ ಎರಡು ಬಾರಿ ಹೆಬ್ಬಾಳದ ಮೇಲ್ಸೇತುವೆ ದಾಟುವ ನಮಗೆ, ಪಕ್ಕದಲ್ಲೇ ಇರುವ ಕೃಷಿ ಕ್ಷೇತ್ರದ ಹಿಂದೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ ಎಂಬುದು ಹೊಳೆಯುವುದೇ ಇಲ್ಲ.

ಕೋಲ್ಮನ್ ಹುಟ್ಟಿದ್ದು 1878ರ ಜೂನ್ 16ರಂದು, ಕೆನಡಾ ದೇಶದ ಆಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ 1904ರಲ್ಲಿ ಪದವಿ ಪಡೆದರು. ಅಲ್ಲಿಂದ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಡಾಕ್ಟರೇಟ್ ಗಳಿಸಿದರು. ಅವರ ಸಂಶೋಧನೆಯ ವಿಷಯ ಹುಳುವೂ ಅಲ್ಲ, ಗಿಡದ ರೋಗವೂ ಅಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಸಾರಜನಕವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಕ್ರಿಯೆ. ಒಂದು ವಿಷಯದಲ್ಲಿ ಪದವಿ ಪಡೆದವರು ಇನ್ನೊಂದಕ್ಕೆ ಕೈ ಹಾಕಬಾರದು ಎಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿದೆಯಾದ್ದರಿಂದ ಈ ಸಂಗತಿಯನ್ನು ಇಲ್ಲಿ ಹೇಳಿದ್ದೇನೆ. 1908ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನ ಸುಮಾರಿಗೆ, ಅವರು ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಹುದ್ದೆ ಎರಡು, ಆಳು ಒಬ್ಬರೇ: ಶಿಲೀಂಧ್ರತಜ್ಞ ಮತ್ತು ಕೀಟತಜ್ಞ.

ಹೆಬ್ಬಾಳ ಆಗ ಬೆಂಗಳೂರಿನ ಹೊರಗಿನ ಹಳ್ಳಿ. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನದವರು 1899ರಲ್ಲಿ ಕೃಷಿ ಪ್ರಯೋಗಗಳಿಗಾಗಿ ಇಲ್ಲಿ 30 ಎಕರೆ ಜಮೀನು ನೀಡಿದ್ದರು. ಡಾ. ಲೆಹ್ಮನ್ ಎಂಬ ರಸಾಯನಶಾಸ್ತ್ರಜ್ಞರು ಮಣ್ಣು ಗೊಬ್ಬರಗಳ ಪರೀಕ್ಷೆಗಳನ್ನು ಆರಂಭಿಸಿದ್ದರು. ಆದರೆ ಬೆಳೆಗೆ ಬರುವ ರೋಗ ಯಾವುದು, ಹುಳು ಯಾವುದು ಎಂದು ಹೇಳುವವರಿರಲಿಲ್ಲ. ರೈತನ ಕಣ್ಣೆದುರು ಬೆಳೆ ಹೋಗುತ್ತಿತ್ತು. ಯಾವುದರಿಂದ ಹೋಯಿತು ಎಂಬುದಕ್ಕೆ ಊರಿಗೊಂದು ಉತ್ತರವಿತ್ತು.

ಕೋಲ್ಮನ್ ಅವರ ಮೊದಲ ದೊಡ್ಡ ಕೆಲಸ ಅಡಿಕೆಯ ಕೊಳೆರೋಗದ್ದು. ಮಲೆನಾಡಿನಲ್ಲಿ ಜೂನ್ ತಿಂಗಳ ಮಳೆ ಹಿಡಿದರೆ ಸಾಕು, ಎಳೆಯ ಅಡಿಕೆ ಕಾಯಿಗಳ ಮೇಲೆ ನೀರು ತುಂಬಿದಂತಹ ಕಲೆ ಕಾಣಿಸಿಕೊಂಡು, ಬಿಳಿಯ ಬೂಷ್ಟು ಹತ್ತಿ, ಗೊನೆಗೆ ಗೊನೆಯೇ ಉದುರಿ ಹೋಗುತ್ತಿತ್ತು. ರೋಗ ಸುಳಿಗೆ ಇಳಿದರೆ ಮರವೇ ಸಾಯುತ್ತಿತ್ತು. ಅಡಿಕೆಯ ಮರ ಫಲ ಕೊಡಲು ಹಲವು ವರ್ಷ ಕಾಯಬೇಕು. ಹಾಗಾಗಿ ಮರ ಹೋದರೆ ಒಂದು ವರ್ಷದ ಆದಾಯವಲ್ಲ, ಒಂದು ಸಂಸಾರದ ಭವಿಷ್ಯವೇ ಹೋದಂತೆ. ಬೆಳೆಗಾರರು ಕೈಕಟ್ಟಿ ಕುಳಿತಿರಲಿಲ್ಲ. ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಅದು ಬುದ್ಧಿವಂತಿಕೆಯ ಉಪಾಯವೇ ಸರಿ. ಆದರೆ ಪ್ರತಿ ಮರ ಹತ್ತಿ ಪ್ರತಿ ಗೊನೆಗೆ ಕೊಟ್ಟೆ ಕಟ್ಟುವಷ್ಟು ಆಳು ಎಲ್ಲರಿಗೂ ಎಲ್ಲಿಂದ ಬರಬೇಕು?

ಕೋಲ್ಮನ್ ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ರೋಗಾಣುವನ್ನು ಬೇರ್ಪಡಿಸಿ ಬೆಳೆಸಿ, ಅದು ಫೈಟಾಫ್ತೊರ ಎಂಬ ಕುಲಕ್ಕೆ ಸೇರಿದ್ದು ಎಂದು ಗುರುತಿಸಿದರು. ಯೂರೋಪಿನಲ್ಲಿ ಆಲೂಗಡ್ಡೆಯನ್ನು ನಾಶಮಾಡಿ ಐರ್ಲೆಂಡಿನಲ್ಲಿ ಭೀಕರ ಕ್ಷಾಮಕ್ಕೆ ಕಾರಣವಾದದ್ದೂ ಇದೇ ಕುಲದ ಇನ್ನೊಂದು ಜೀವಿ. (ಆಗ ಇದನ್ನು ಶಿಲೀಂಧ್ರ ಎಂದೇ ಕರೆಯುತ್ತಿದ್ದರು. ಈಗಿನ ವಿಜ್ಞಾನ ಇದನ್ನು ನಿಜವಾದ ಶಿಲೀಂಧ್ರಗಳ ಸಾಲಿನಿಂದ ಹೊರಗಿಟ್ಟು ಬೇರೆ ಗುಂಪಿಗೆ ಸೇರಿಸಿದೆ.) ಕುಲ ಗೊತ್ತಾದ ಕೂಡಲೇ ಅದರ ನಡತೆಯೂ ಗೊತ್ತಾಯಿತು. ಈ ಕುಲದ ಬೀಜಾಣುಗಳು ನೀರಿನ ತೆಳು ಪೊರೆಯಲ್ಲಿ ಈಜಬಲ್ಲವು. ಮಳೆಯ ಹನಿ ಸಿಡಿದಂತೆ ಗೊನೆಯಿಂದ ಗೊನೆಗೆ ಹರಡುತ್ತವೆ. ಆದ್ದರಿಂದ ಕಾಯಿ ಕೊಳೆತ ಮೇಲೆ ಮದ್ದು ಮಾಡಿ ಫಲವಿಲ್ಲ. ಮಳೆಗೆ ಮೊದಲೇ ಕಾಯಿಯ ಮೇಲೆ ತಾಮ್ರದ ಲೇಪ ಇರಬೇಕು. ಫ್ರಾನ್ಸ್ ದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ, ಇದಕ್ಕೆ ಒದಗಿತು. ಮಲೆನಾಡಿನ ಮಳೆ ಫ್ರಾನ್ಸಿನ ಮಳೆಯಲ್ಲವಲ್ಲ! ಬಳಿದದ್ದೆಲ್ಲ ತೊಳೆದು ಹೋಗದಂತೆ ದ್ರಾವಣಕ್ಕೆ ರಾಳದ ಅಂಟನ್ನು ಸೇರಿಸುವ ಕ್ರಮ ಬಂತು.

1910ರಲ್ಲಿ ಈ ಕುರಿತ ಅವರ ವರದಿ ಪ್ರಕಟವಾಯಿತು. ಇಂದಿಗೂ ಮುಂಗಾರಿಗೆ ಮುನ್ನ ಒಮ್ಮೆ, ಒಂದೂವರೆ ತಿಂಗಳಿಗೆ ಇನ್ನೊಮ್ಮೆ ಅಡಿಕೆ ಗೊನೆಗಳಿಗೆ ಬೋರ್ಡೋ ಸಿಂಪಡಿಸುವುದು ಮಲೆನಾಡಿನಲ್ಲೂ ಕರಾವಳಿಯಲ್ಲೂ ನಡೆದೇ ಇದೆ. ಶತಮಾನ ಕಳೆದರೂ ಇದಕ್ಕಿಂತ ಅಗ್ಗದ ಮದ್ದು ಬಂದಿಲ್ಲ. ವರ್ಷ ವರ್ಷವೂ ಬೀಳುವ ತಾಮ್ರ ತೋಟದ ಮಣ್ಣಿನಲ್ಲಿ ಸೇರಿಕೊಳ್ಳುತ್ತದೆ ಎಂಬ ಚಿಂತೆ ಈಚಿನದು. ಅದಕ್ಕೆ ಕೋಲ್ಮನ್ ಅವರನ್ನು ಹೊಣೆ ಮಾಡುವುದು ನ್ಯಾಯವಲ್ಲವೆಂದು ನನಗನ್ನಿಸುತ್ತದೆ.

ಅದೇ ಸಮಯಕ್ಕೆ ಬಯಲುಸೀಮೆಯಿಂದ ಇನ್ನೊಂದು ದೂರು ಬಂದಿತ್ತು. ದಖ್ಖನಿನ ಜೋಳದ ಹೊಲಗಳಿಗೆ ರೆಕ್ಕೆಯಿಲ್ಲದ ಒಂದು ಮಿಡತೆ ಮುತ್ತುತ್ತಿತ್ತು. ಎಳೆಯ ಪೈರಿನ ಎಲೆ ಮುಗಿಸಿ, ಬೆಳೆ ತೆನೆಯಾದ ಮೇಲೆ ತೆನೆಯ ಹಾಲುಗಾಳನ್ನೂ ತಿಂದು ಬಿಡುತ್ತಿತ್ತು. ಮಿಡತೆಯೆಂದರೆ ನಮ್ಮವರಿಗೆ ಫಿರ್‌ಔನನ ಕಾಲದ ಶಿಕ್ಷೆಯ ನೆನಪಾಗುತ್ತದೆ. ಆಕಾಶ ಕಪ್ಪಾಗಿಸುತ್ತಾ ಹಾರಿ ಬರುವ ಮರುಭೂಮಿಯ ಮಿಡತೆಗೂ ಈ ಜೋಳದ ಮಿಡತೆಗೂ ಬಹಳ ವ್ಯತ್ಯಾಸವಿದೆ. ಅದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕಿತ್ತು.

ಕೋಲ್ಮನ್ ಮಿಡತೆಗಳನ್ನು ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿದ್ದ ಇಗ್ನಾಸಿಯೊ ಬೊಲಿವಾರ್ ಅವರಿಗೆ ಕಳುಹಿಸಿದರು. ಮಿಡತೆಗಳ ವರ್ಗೀಕರಣದಲ್ಲಿ ಆ ಕಾಲದ ದೊಡ್ಡ ವಿದ್ವಾಂಸರಲ್ಲಿ ಬೊಲಿವಾರ್ ಒಬ್ಬರು. ಅವರು ಪರೀಕ್ಷಿಸಿ, ಇದು ಆವರೆಗೆ ವಿಜ್ಞಾನಕ್ಕೆ ಗೊತ್ತಿರುವ ಯಾವ ಕುಲಕ್ಕೂ ಸೇರುವುದಿಲ್ಲವೆಂದು ಕಂಡು, 1910ರಲ್ಲಿ ಹೊಸ ಕುಲವನ್ನೇ ಸ್ಥಾಪಿಸಿದರು. ಕಳುಹಿಸಿದವರ ಗೌರವಾರ್ಥ ಅದಕ್ಕೆ ಕೋಲ್ಮೇನಿಯ ಎಂದು ಹೆಸರಿಟ್ಟರು. ಪೂರ್ತಿ ಹೆಸರು ಕೋಲ್ಮೇನಿಯ ಸ್ಫಿನೇರಿಯಾಯ್ಡಿಸ್. ಎರಡನೆಯ ಪದದ ಅರ್ಥ ಸ್ಫಿನೇರಿಯಮ್‌ನ ಹಾಗಿರುವುದು ಎಂದು. ಸ್ಫಿನೇರಿಯಮ್ ಎಂಬುದು ಮೆಕ್ಸಿಕೊ ದೇಶದ ಮಿಡತೆಗಳ ಒಂದು ಕುಲ. ಅಲ್ಲಿನ ಜನ ಅದನ್ನು ಹುರಿದು, ಉಪ್ಪು ಮೆಣಸಿನಕಾಯಿ ನಿಂಬೆಹುಳಿ ಹಾಕಿ ತಿನ್ನುತ್ತಾರೆ; ಸಂತೆಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಇದನ್ನು ಕೇಳಿ ಮುಖ ಸಿಂಡರಿಸುವ ಮಿತ್ರರು, ಮಿಡತೆಯನ್ನು ಝಬಹ್ ಇಲ್ಲದೆಯೂ ಹಲಾಲ್ ಎಂದು ನಮ್ಮ ಫಿಕ್‌ಹ್ ಗ್ರಂಥಗಳು ಹೇಳಿರುವುದನ್ನು ನೆನಪಿಸಿಕೊಳ್ಳಬೇಕು.

ಈ ಕುಲವನ್ನು ಗುರುತಿಸುವುದು ಹೇಗೆ? ಆಸಕ್ತ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲು ತಲೆಯನ್ನು ನೋಡಬೇಕು. ಸಾಮಾನ್ಯ ಮಿಡತೆಯ ಮುಖ ಕುದುರೆಯ ಮುಖದಂತೆ ನೇರವಾಗಿ ಕೆಳಗಿಳಿದಿರುತ್ತದೆ. ಇದರ ತಲೆ ಶಂಕುವಿನಂತೆ ಮುಂದಕ್ಕೆ ಚೂಪಾಗಿದ್ದು, ಮುಖ ಹಿಂದಕ್ಕೆ ಓರೆಯಾಗಿ ಇಳಿದಿರುತ್ತದೆ. ಭೂತಗನ್ನಡಿ ಹಿಡಿದರೆ ತಲೆಯ ತುದಿಯಲ್ಲಿ ಒಂದು ಸಣ್ಣ ಗೀರು ಕಾಣುತ್ತದೆ. ನಮ್ಮ ಬೇಲಿಯ ಎಕ್ಕದ ಗಿಡದ ಮೇಲೆ ಕುಳಿತಿರುವ ನೀಲಿ ಹಳದಿ ಪಟ್ಟೆಯ ಮಿಡತೆಯೂ ಇದೇ ಕುಟುಂಬದ್ದು; ಅದರ ತಲೆಯಲ್ಲೂ ಈ ಗೀರು ಉಂಟು. ಎಕ್ಕದ ಮಿಡತೆ ಸುಲಭವಾಗಿ ಸಿಗುವುದರಿಂದ ಅದರ ಮೇಲೆ ಅಭ್ಯಾಸ ಮಾಡಬಹುದು. ಎರಡನೆಯದಾಗಿ ಬೆನ್ನನ್ನು ನೋಡಬೇಕು. ಇಲ್ಲಿ ಹೊಸಬರು ಎಡವುವುದು ಸಹಜ. ಎಲ್ಲಾ ಮಿಡತೆಗಳ ಮರಿಗಳಿಗೂ ಹಾರುವ ರೆಕ್ಕೆ ಇರುವುದಿಲ್ಲ. ಆದ್ದರಿಂದ ರೆಕ್ಕೆ ಇಲ್ಲದ್ದನ್ನು ಕಂಡರೆ ಇದು ಮರಿ, ಮುಂದೆ ರೆಕ್ಕೆ ಮೂಡುತ್ತದೆ ಎಂದು ಊಹಿಸಿ ಬಿಡುತ್ತಾರೆ. ಕೋಲ್ಮೇನಿಯಕ್ಕೆ ವಯಸ್ಸಾದರೂ ರೆಕ್ಕೆ ಬರುವುದಿಲ್ಲ. ಬೆಳೆದದ್ದೋ ಮರಿಯೋ ತಿಳಿಯಲು ಹೆಣ್ಣಿನ ಹೊಟ್ಟೆಯ ತುದಿಯನ್ನು ನೋಡಬೇಕು. ಮೊಟ್ಟೆಯಿಡಲು ನೆಲ ಕೊರೆಯುವ ಗಟ್ಟಿ ಮೊನೆಗಳು ಅಲ್ಲಿ ಪೂರ್ತಿ ಬೆಳೆದಿದ್ದರೆ ಅದು ಪ್ರಾಯದ ಹೆಣ್ಣು. ಕುಡಿಮೀಸೆಗಳು ಗಿಡ್ಡ, ದಪ್ಪ. ಬಣ್ಣವನ್ನು ನಾನು ಬೇಕೆಂದೇ ಹೇಳುತ್ತಿಲ್ಲ. ಅದನ್ನು ನಂಬಬಾರದೆಂಬುದಕ್ಕೆ ಬೆಂಕಿಪೊಟ್ಟಣದ ಹುಳುವೇ ಸಾಕ್ಷಿ.

ರೆಕ್ಕೆಯಿಲ್ಲ ಎಂಬ ಒಂದೇ ಲಕ್ಷಣದಿಂದ ಪರಿಹಾರದ ದಾರಿಯೂ ತೆರೆಯಿತು. 1911ರಲ್ಲಿ ಪ್ರಕಟವಾದ ಕೋಲ್ಮನ್ ಅವರ ವರದಿ ಈ ಮಿಡತೆಯ ಬದುಕನ್ನು ಹಂತ ಹಂತವಾಗಿ ವಿವರಿಸುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಹೆಣ್ಣು ನೆಲದೊಳಗೆ ಗೂಡು ಮಾಡಿ ಮೊಟ್ಟೆಯಿಡುತ್ತದೆ. ಬೇಸಿಗೆಯುದ್ದಕ್ಕೂ ಮೊಟ್ಟೆಗಳು ಮಣ್ಣಿನಲ್ಲೇ ಇದ್ದು, ಮುಂಗಾರು ಮಳೆ ನೆಲವನ್ನು ತೋಯಿಸಿದ ಮೇಲೆ ಜೂನ್ ಸುಮಾರಿಗೆ ಮರಿಗಳು ಏಳುತ್ತವೆ. ಹಾರಲಾರದ ಮಿಡತೆ ದೂರದ ಊರಿನಿಂದ ಬರಲಾರದು. ಈ ಹೊಲದ ಮಿಡತೆ ಈ ಹೊಲದ್ದೇ ಅಥವಾ ಪಕ್ಕದ ಬದುವಿನದೇ. ಹಾಗಾದರೆ ಮೊಟ್ಟೆ ಇರುವ ನೆಲವನ್ನು ಬೇಸಿಗೆಯಲ್ಲಿ ಉತ್ತು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡಿದರೆ, ಮರಿಗಳು ಚಿಕ್ಕವಿದ್ದಾಗಲೇ ಚೀಲದಂತಹ ಬಲೆಗಳಿಂದ ಹಿಡಿದರೆ, ಮುಂದಿನ ವರ್ಷದ ಕಾಟ ಕಡಿಮೆಯಾಗುತ್ತದೆ. ಹಾರುವ ಮಿಡತೆಯಾಗಿದ್ದರೆ ಇದೇ ಉಪಾಯದಿಂದ ರೈತನ ಕೂಲಿ ದಂಡವಾಗುತ್ತಿತ್ತೇ ಹೊರತು ಬೇರೇನೂ ಆಗುತ್ತಿರಲಿಲ್ಲ.

ಗುರುತಿಸುವಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಹಳೆಯ ಉದಾಹರಣೆ ಇದೆ. 1795ರಲ್ಲಿ ಕೆಂಪು ಬಣ್ಣ ತಯಾರಿಸುವ ಆಸೆಯಿಂದ ಕೊಚಿನೀಲ್ ಎಂಬ ಹುಳುವನ್ನು ಬ್ರೆಜಿಲ್‌ನಿಂದ ಬಂಗಾಳಕ್ಕೆ ತಂದರು. ಬಂದದ್ದು ಬೆಲೆಬಾಳುವ ಕೊಚಿನೀಲ್ ಆಗಿರಲಿಲ್ಲ, ಅದರ ಹತ್ತಿರದ ಸಂಬಂಧಿ. ಒಳ್ಳೆಯ ಬಣ್ಣ ಬರಲಿಲ್ಲ. ಬದಲಿಗೆ ಅದು ಒಂದು ಬಗೆಯ ಪಾಪಸುಕಳ್ಳಿಯನ್ನು ತಿಂದು ಮುಗಿಸಿತು. ದಕ್ಷಿಣದಲ್ಲಿ ಹಬ್ಬಿದ್ದ ಇನ್ನೊಂದು ಬಗೆಯ ಪಾಪಸುಕಳ್ಳಿಯನ್ನು ಅದು ಮುಟ್ಟಲಿಲ್ಲ. ಆ ಕಳ್ಳಿಗೆ ಹೊಂದುವ ಬೇರೊಂದು ಕೊಚಿನೀಲ್ 1926ರಲ್ಲಿ ಸಿಂಹಳದಿಂದ ಬಂದ ಮೇಲೆಯೇ ನಮ್ಮ ಕಡೆಯ ಹೊಲಗಳು ಬಿಡುಗಡೆಯಾದದ್ದು. ಬರಿಗಣ್ಣಿಗೆ ಎರಡೂ ಹುಳುಗಳು ಹತ್ತಿ ಮೆತ್ತಿದಂತೆ ಒಂದೇ ರೀತಿ ಕಾಣುತ್ತವೆ.

ಈಗ ಹುಡುಗನ ಚಿನ್ನದ ಹುಳುವಿಗೆ ಬರೋಣ. ಅದನ್ನು ಆಮೆ ದುಂಬಿ ಎನ್ನಬಹುದು. ಗೆಣಸಿನ ಹಂಬು ಮತ್ತು ಅದೇ ಜಾತಿಯ ಬಳ್ಳಿಗಳು ಅದರ ಆಹಾರ. ಎಲೆಯಲ್ಲಿ ದುಂಡನೆಯ ತೂತುಗಳಿದ್ದರೆ ಅಡಿಭಾಗವನ್ನು ತಿರುಗಿಸಿ ನೋಡಬೇಕು. ಅದರ ಚಿನ್ನ ಬಣ್ಣದ ಪುಡಿಯಿಂದ ಬಂದದ್ದಲ್ಲ. ಬೆನ್ನಿನ ಹೊದಿಕೆಯಲ್ಲಿರುವ ಬಲು ತೆಳುವಾದ ಪದರಗಳು ಬೆಳಕನ್ನು ಪ್ರತಿಫಲಿಸುವುದರಿಂದ ಮೂಡುವ ಹೊಳಪು ಅದು. ಆ ಪದರಗಳಲ್ಲಿ ತೇವ ಇರುವವರೆಗೆ ಹೊಳೆಯುತ್ತದೆ. ಸತ್ತು ಒಣಗಿದರೆ ಹೊಳಪು ಹೋಯಿತು. ಹೀಗಾಗಿ ವಸ್ತುಸಂಗ್ರಹಾಲಯದ ಪೆಟ್ಟಿಗೆಗಳಲ್ಲಿರುವ ಆಮೆ ದುಂಬಿಗಳೆಲ್ಲ ಮಂಕು. ಗುರುತಿಸುವವರು ಬಣ್ಣ ಬಿಟ್ಟು ಆಕಾರವನ್ನು ನೋಡುತ್ತಾರೆ. ಮೇಲಿನಿಂದ ನೋಡಿದರೆ ತಲೆ ಕಾಣುತ್ತದೆಯೇ, ಇಲ್ಲ ಎದೆಯ ಕವಚದೊಳಗೆ ಮರೆಯಾಗಿದೆಯೇ? ಅಂಚಿನ ಪಟ್ಟಿ ಎಷ್ಟು ಅಗಲ? ಕುಡಿಮೀಸೆಯ ಯಾವ ಗಣ್ಣುಗಳು ಕಪ್ಪು? ಕೊನೆಗೆ ಕಾಲಿನ ಉಗುರು. ನಮ್ಮ ಕಡೆ ಗೆಣಸಿನ ಹಂಬಿನಲ್ಲಿ ಸಿಗುವ ಆಸ್ಪಿಡಿಮಾರ್ಫ ಎಂಬ ಕುಲದ ದುಂಬಿಗಳ ಉಗುರಿನ ಬುಡದಲ್ಲಿ ಬಾಚಣಿಗೆಯಂತೆ ಸಣ್ಣ ಹಲ್ಲುಗಳಿರುತ್ತವೆ. ಹುಡುಗನ ಹುಳುವಿಗೂ ಅವು ಇದ್ದವು. ಮರಿಹುಳುಗಳು ಇನ್ನೂ ವಿಚಿತ್ರ. ಕಳಚಿದ ಚರ್ಮವನ್ನೂ ತಮ್ಮದೇ ಹಿಕ್ಕೆಯನ್ನೂ ಬಾಲದ ಕವಲಿಗೆ ಅಂಟಿಸಿಕೊಂಡು ಛತ್ರಿಯಂತೆ ಬೆನ್ನ ಮೇಲೆ ಹಿಡಿದಿರುತ್ತವೆ. ಇರುವೆ ಬಂದರೆ ಅದನ್ನೇ ಗುರಾಣಿಯಾಗಿ ಬೀಸುತ್ತವೆ.

ಭಾರತದ ಆಮೆ ದುಂಬಿಗಳ ಮೇಲೆ ಸಮಗ್ರ ಗ್ರಂಥ ಬರೆದವರು ಸಮರೇಂದ್ರ ಮೌಲಿಕ್ ಎಂಬ ಭಾರತೀಯ ವಿದ್ವಾಂಸರು. 1919ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಗಳ ಗ್ರಂಥಮಾಲೆಯಲ್ಲಿ ಅದು ಬಂತು. ಆದರೆ ಈ ದುಂಬಿಗಳ ನಿಜವಾದ ಸಾಮ್ರಾಜ್ಯ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳು. ಅಲ್ಲಿ ಆಕ್ರೋಮಿಸ್ ಎಂಬ ಒಂದು ಕುಲವಿದೆ. ಅದರ ಗಂಡಿನ ಗಡಸು ರೆಕ್ಕೆಯ ಭುಜದ ಮೂಲೆಗಳು ಕೊಂಬಿನಂತೆ ಮುಂದಕ್ಕೆ ಚಾಚಿರುತ್ತವೆ. ಎರಡು ಗಂಡುಗಳು ಹೋರಾಡುವಾಗ ಅವನ್ನು ಬಳಸುತ್ತವೆ. ಹೆಣ್ಣಿಗೆ ಆ ಕೊಂಬಿಲ್ಲ, ಆದ್ದರಿಂದ ಗಂಡು ಹೆಣ್ಣುಗಳನ್ನು ಜೊತೆಯಾಗಿ ನೋಡದವರು ಎರಡು ಬೇರೆ ಕುಲಗಳೆಂದು ಭ್ರಮಿಸಬಹುದು. ಆ ಹೆಣ್ಣು ತನ್ನ ಮರಿಹುಳುಗಳ ಹಿಂಡಿನ ಮೇಲೆ ನಿಂತು ಕಾವಲು ಕಾಯುತ್ತದೆ. ಅವು ಎಲೆಯಿಂದ ಎಲೆಗೆ ಹೋದರೆ ಜೊತೆಯಲ್ಲೇ ಹೋಗುತ್ತದೆ. ಕೀಟಗಳಲ್ಲಿ ತಾಯ್ತನ ಇರುವುದಿಲ್ಲವೆಂದು ನಾನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೆ. ಕುರ್‌ಆನಿನಲ್ಲಿ ಜೇನುನೊಣದ ಹೆಸರಿನ ಅಧ್ಯಾಯವಿದೆ, ಇರುವೆಯ ಹೆಸರಿನದಿದೆ, ಜೇಡನ ಹೆಸರಿನದಿದೆ. (ಜೇಡ ಕೀಟವಲ್ಲ, ಅದಕ್ಕೆ ಎಂಟು ಕಾಲು.) ಬಸ್ರಾದ ಅಲ್ ಜಾಹಿಝ್ 9ನೇ ಶತಮಾನದಲ್ಲೇ ಪ್ರಾಣಿಗಳ ಬಗ್ಗೆ ಬೃಹತ್ ಗ್ರಂಥ ಬರೆದರು. ಆದರೂ ನಮ್ಮ ಮನೆಗಳಲ್ಲಿ ಹುಳು ಹಿಡಿದು ತಂದ ಮಗುವಿಗೆ ಮೊದಲು ಸಿಗುವುದು ಗದರಿಕೆ.

ಕೋಲ್ಮನ್ ಅವರ ವಿಷಯಕ್ಕೆ ಮರಳುತ್ತೇನೆ. ಅವರ ಜೊತೆಗೆ ದುಡಿದವರಲ್ಲಿ ಪ್ರಮುಖರು ಕೆ. ಕುಂಞಿ ಕಣ್ಣನ್. ಕೇರಳದ ಕಣ್ಣೂರಿನ ಕಡೆಯವರು. ಸಹಾಯಕರಾಗಿ ಸೇರಿ, ಮುಂದೆ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು, ಸಂಸ್ಥಾನದ ಕೀಟತಜ್ಞರೇ ಆದರು. ಭತ್ತದ ಮಿಡತೆಯ ಮೇಲೆ 1911ರಲ್ಲಿ ಬಂದ ವರದಿಯಲ್ಲೂ, ಕಾಫಿಯ ಶಲ್ಕ ಕೀಟಗಳ ಮೇಲೆ 1918ರಲ್ಲಿ ಬಂದ ವರದಿಯಲ್ಲೂ ಇಬ್ಬರ ಹೆಸರೂ ಒಟ್ಟಿಗೆ ಇದೆ. ಹೊಲದಲ್ಲಿ ಹುಳು ಹಿಡಿದ ಭಾರತೀಯ ಸಹಾಯಕನ ಹೆಸರು ಮುಖಪುಟಕ್ಕೆ ಬಾರದೇ ಹೋಗುವುದು ಆ ಕಾಲದ ರೂಢಿಯಾಗಿತ್ತು. ಕೋಲ್ಮನ್ ಆ ರೂಢಿಯನ್ನು ಅನುಸರಿಸಲಿಲ್ಲ ಎಂಬುದು ನನ್ನ ದೃಷ್ಟಿಯಲ್ಲಿ ಅವರ ವ್ಯಕ್ತಿತ್ವದ ದೊಡ್ಡ ಗುಣ. ಲಂಟಾನ ಗಿಡದ ಬೀಜ ತಿನ್ನುವ ನೊಣವನ್ನು 1921ರಲ್ಲಿ ಹವಾಯಿ ದ್ವೀಪದಿಂದ ತರಿಸಿದ ಪ್ರಯತ್ನ ಕುಂಞಿ ಕಣ್ಣನ್ ಅವರದು. ಆ ನೊಣದಿಂದ ಲಂಟಾನ ಹೋಗಲಿಲ್ಲ. ಬಂಡೀಪುರದವರೆಗೂ ಅದು ಇಂದಿಗೂ ಹಬ್ಬಿಕೊಂಡೇ ಇದೆ.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಮೈಸೂರಿನ ಕೃಷಿ ಇಲಾಖೆ ವ್ಯವಸ್ಥಿತ ರೂಪ ಪಡೆಯಿತು. ಕೋಲ್ಮನ್ ಅದರ ಮೊದಲ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಆ ಶಾಲೆ 1946ರಲ್ಲಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಜಿ.ಕೆ.ವಿ.ಕೆ. ಆವರಣದ ಹೆಸರು ಕೇಳದ ಯಲಹಂಕದವರು ಇಲ್ಲ. ಅದರ ಬೇರು ಹೆಬ್ಬಾಳದ ಈ ಶಾಲೆಯಲ್ಲಿದೆ.

ಅಧಿಕಾರಿಯಾದ ಮೇಲೂ ಅವರು ಸಂಶೋಧನೆ ಬಿಡಲಿಲ್ಲ. ಶ್ರೀಗಂಧದ ಮರಗಳಿಗೆ ಸ್ಪೈಕ್ ಎಂಬ ರೋಗ ತಗಲಿ, ಎಲೆಗಳು ಸೂಜಿಯಂತೆ ಕಿರಿದಾಗಿ, ಮರ ಎರಡು ಮೂರು ವರ್ಷಗಳಲ್ಲಿ ಸಾಯುತ್ತಿತ್ತು. ಶ್ರೀಗಂಧ ಸಂಸ್ಥಾನದ ಖಜಾನೆಯ ಆಧಾರ. ರೋಗದ ಮರದ ಕೊಂಬೆಯನ್ನು ಆರೋಗ್ಯದ ಗಿಡಕ್ಕೆ ಕಸಿ ಮಾಡಿದರೆ ರೋಗ ದಾಟುತ್ತದೆ ಎಂದು 1917ರಲ್ಲಿ ಕೋಲ್ಮನ್ ತೋರಿಸಿದರು. ಇದು ಮಣ್ಣಿನ ದೋಷವಲ್ಲ, ಅಂಟುರೋಗ ಎಂಬುದು ಆಗ ಖಚಿತವ���ಯಿತು. ಅಂಟಿಸುವ ಜೀವಿ ಯಾವುದೆಂದು ಅವರಿಗೆ ಸಿಗಲಿಲ್ಲ. ಅದು ಕಂಡದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ, 1969ರಲ್ಲಿ. ಕೋಶಭಿತ್ತಿಯಿಲ್ಲದ ಅತಿ ಸಣ್ಣ ಬ್ಯಾಕ್ಟೀರಿಯ ಅದು.

ಹೆಬ್ಬಾಳದಲ್ಲಿ ಆಯ್ದು ಬೆಳೆಸಿದ ರಾಗಿ ಎಚ್. 22 ಎಂಬ ತಳಿ 1918ರಲ್ಲಿ ರೈತರಿಗೆ ದೊರೆಯಿತು. ಎಚ್ ಎಂದರೆ ಹೆಬ್ಬಾಳ. ರಾಗಿಯ ಬೇಸಾಯದ ಮೇಲೆಯೇ ಕೋಲ್ಮನ್ 1920ರಲ್ಲಿ ಒಂದು ವರದಿ ಬರೆದರು. ಗೋಧಿಯ ದೇಶದಿಂದ ಬಂದವರು ರಾಗಿಮುದ್ದೆಯ ಬೆಳೆಯನ್ನು ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ ಮಾತಲ್ಲ. ಕಾಫಿಗಾಗಿ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಪ್ರಯೋಗ ಕೇಂದ್ರ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಶಾಶ್ವತ ಕೇಂದ್ರ ಸ್ಥಾಪನೆಯಾದವು. ಎಲೆ ತುಕ್ಕುರೋಗವನ್ನು ತಡೆಯುವ ಎಸ್. 795 ಎಂಬ ಹೆಸರಾಂತ ಕಾಫಿ ತಳಿ ಮುಂದೆ ಅಲ್ಲಿಂದಲೇ ಬಂತು.

ಸರ್ ಮಿರ್ಜಾ ಇಸ್ಮಾಯಿಲ್ ಅವರು 1926ರಲ್ಲಿ ದಿವಾನರಾದ ಮೇಲಿನ ವರ್ಷಗಳು ನಮ್ಮ ಓದುಗರಿಗೆ ವಿಶೇಷ ಆಸಕ್ತಿಯವು. ಕನ್ನಂಬಾಡಿಯ ನೀರು ಇರ್ವಿನ್ ನಾಲೆಯ (ಈಗಿನ ವಿಶ್ವೇಶ್ವರಯ್ಯ ನಾಲೆ) ಮೂಲಕ ಮಂಡ್ಯದ ಒಣ ನೆಲಕ್ಕೆ ಹರಿಯುವುದಿತ್ತು. ರಾಗಿ, ಹುರುಳಿ ಬೆಳೆದು ಬಂದ ರೈತರಿಗೆ ನೀರಾವರಿಯಲ್ಲಿ ಏನು ಬೆಳೆಯಬೇಕು, ಬೆಳೆದದ್ದನ್ನು ಎಲ್ಲಿ ಮಾರಬೇಕು ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು. ಕೃಷಿ ಇಲಾಖೆ ಕಬ್ಬು ಮತ್ತು ಭತ್ತದ ಪ್ರಯೋಗಗಳಿಗಾಗಿ 1931ರಲ್ಲಿ ಮಂಡ್ಯದ ಬಳಿ ಕೃಷಿ ಕ್ಷೇತ್ರ ತೆರೆಯಿತು. ಇಂದು ಅದು ವಿ.ಸಿ. ಫಾರಂ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ದಿವಾನರ ಆಡಳಿತ ಬಲ ಮತ್ತು ಕೋಲ್ಮನ್ ಅವರ ಬೆಳೆ ಜ್ಞಾನ ಎರಡೂ ಇದರ ಹಿಂದೆ ಇದ್ದವು. ಮಿರ್ಜಾ ಸಾಹೇಬರನ್ನು ನಾವು ಉದ್ಯಾನಗಳಿಗಾಗಿ, ಸುಂದರ ರಸ್ತೆ ವೃತ್ತಗಳಿಗಾಗಿ ನೆನೆಯುತ್ತೇವೆ. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಅವರನ್ನು ನೆನೆಯುವುದು ಅಪರೂಪ. ನಮ್ಮ ಸಂಘದ ಭಾಷಣಗಳಲ್ಲೂ ಅದು ಬಂದಿಲ್ಲ.

ನಮ್ಮ ಸಮುದಾಯದ ವಿದ್ಯಾರ್ಥಿಗಳು ಸಿ.ಇ.ಟಿ. ಬರೆದು ಇಂಜಿನಿಯರಿಂಗ್, ವೈದ್ಯಕೀಯಗಳ ಹಿಂದೆ ಓಡುತ್ತಾರೆ. ಅದೇ ಸಿ.ಇ.ಟಿ. ಮೂಲಕ ಕೃಷಿ ಪದವಿಗೂ ಪ್ರವೇಶವಿದೆ, ಅದರ ಆವರಣ ಮನೆಯಿಂದ ಒಂದು ಬಸ್ಸಿನ ದೂರದಲ್ಲಿದೆ ಎಂದರೆ ಪೋಷಕರು ಅಚ್ಚರಿಪಡುತ್ತಾರೆ. ಮಗ ಓದಿ ಮತ್ತೆ ಹೊಲಕ್ಕೆ ಹೋಗಬೇಕೇ ಎಂದು ಕೇಳಿದ ತಂದೆಯೊಬ್ಬರಿಗೆ ನನ್ನ ಬಳಿ ಆಗ ಉತ್ತರ ಇರಲಿಲ್ಲ. ಇನ್ನೊಮ್ಮೆ ಕೇಳಿದರೆ ಕೋಲ್ಮನ್ ಅವರ ಕಥೆ ಹೇಳುತ್ತೇನೆ.

ಹೆಬ್ಬಾಳದಲ್ಲಿ ಹುಳುಗಳ ಕೆಲಸ ಅವರ ನಂತರವೂ ನಿಂತಿಲ್ಲ. 1957ರಲ್ಲಿ ಬಳ್ಳಾರಿ ರಸ್ತೆಯಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಆರಂಭವಾಯಿತು. ಇಂದು ಅಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಇದೆ. ಪಾರ್ಥೇನಿಯಂ ಕಳೆಯನ್ನು ತಿನ್ನುವ ಒಂದು ದುಂಬಿಯನ್ನು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಡುಗಡೆ ಮಾಡಿದರು. ಹಳದಿ ರೆಕ್ಕೆಯ ಮೇಲೆ ಕಂದು ಗೆರೆಗಳಿರುವ ಅದನ್ನು ಮಳೆಗಾಲದಲ್ಲಿ ಖಾಲಿ ನಿವೇಶನಗಳ ಪಾರ್ಥೇನಿಯಂ ಗಿಡಗಳ ಮೇಲೆ ಯಾರು ಬೇಕಾದರೂ ನೋಡಬಹುದು. ಆಮೆ ದುಂಬಿಯ ಕುಟುಂಬಕ್ಕೇ ಸೇರಿದ್ದು. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿಯ ಎಲೆಯನ್ನೂ ತಿನ್ನುತ್ತದೆ ಎಂಬ ದೂರು ಎದ್ದು ದೊಡ್ಡ ವಿವಾದವಾಯಿತು, ಬಿಡುಗಡೆಯನ್ನು ಕೆಲಕಾಲ ನಿಲ್ಲಿಸಲಾಯಿತು. ಒಂದು ಹುಳು ಏನು ತಿನ್ನುತ್ತದೆ, ಏನು ತಿನ್ನುವುದಿಲ್ಲ ಎಂಬ ಪ್ರಶ್ನೆಗೆ ರೈತರ ಬೆಳೆಯೇ ಪಣವಾಗಿತ್ತು.

ಹುಡುಗನ ದುಂಬಿ ಈಗ ನಮ್ಮ ಶಾಲೆಯ ಒಂದು ಚಿಕ್ಕ ಪೆಟ್ಟಿಗೆಯಲ್ಲಿದೆ. ಸೂಜಿಯ ಕೆಳಗೆ ಚೀಟಿ ಅಂಟಿಸಿ, ಸಿಕ್ಕಿದ ಸ್ಥಳ, ದಿನಾಂಕ, ಯಾವ ಬಳ್ಳಿಯ ಮೇಲೆ, ಹಿಡಿದವರು ಯಾರು ಎಂದು ಅವನ ಕೈಯಲ್ಲೇ ಬರೆಸಿದ್ದೇನೆ. ಚೀಟಿಯಿಲ್ಲದ ಹುಳುವಿಗೆ ಸಂಗ್ರಹಾಲಯದಲ್ಲಿ ಬೆಲೆಯಿಲ್ಲ.

ಕೋಲ್ಮನ್ 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಕಾಲು ಶತಮಾನದಷ್ಟು ಹಿಂದೆ ಹೊರಟಿದ್ದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲೇ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಈ ಬಾರಿ ಸಸ್ಯಕೋಶಗಳ ವರ್ಣತಂತುಗಳನ್ನು ಅಭ್ಯಾಸ ಮಾಡಿದರು. ಐವತ್ತೈದು ದಾಟಿದ ಮೇಲೆ ಹಿಡಿದ ಹೊಸ ವಿಷಯವದು. 1954ರಲ್ಲಿ ಅವರು ನಿಧನರಾದರು. ಜೋಳದ ಮಿಡತೆ ಇಂದಿಗೂ ಬಯಲುಸೀಮೆಯಲ್ಲಿ ಜೂನ್ ಮಳೆಗೆ ಮಣ್ಣಿನಿಂದ ಏಳುತ್ತದೆ. ಅದರ ಕುಲದ ಹೆಸರು ಕೋಲ್ಮೇನಿಯ ಎಂದೇ ಇದೆ.